ಪಿಎಸ್‌ಪಿ 1000: ಚಿಪ್ ಬದಲಿಸಿ 1.50ಕ್ಕೆ ಇಳಿಸಬಹುದಾ?

ಸಂಜೆಆಟ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಹಳೇ ಪಿಎಸ್‌ಪಿ (ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಇದೆ, 1000 ಮಾಡೆಲ್, ಆ ದಪ್ಪಂದು. ಮಾವ 2006ರಲ್ಲಿ ದುಬೈಯಿಂದ ತಂದುಕೊಟ್ಟಿದ್ದರು. ಸುಮ್ನೆ ಅಪ್‌ಡೇಟ್ ಮಾಡ್ತಾ ಮಾಡ್ತಾ ಅದರ ಫರ್ಮ್‌ವೇರ್ (ಯಂತ್ರ ನಡೆಸುವ ಒಳಗಿನ ಸಾಫ್ಟ್‌ವೇರ್) ಈಗ 6.61ಕ್ಕೆ ಬಂದು ನಿಂತಿದೆ. ಆಗಿನ ಕಾಲದ ಕೆಲವು ಹೋಂಬ್ರೂ (ಹವ್ಯಾಸಿಗಳು ಬರೆದ) ಪ್ರೋಗ್ರಾಂಗಳು ಮೆಮೊರಿ ಸ್ಟಿಕ್‌ನಲ್ಲಿವೆ, ಎಲ್ಲ 1.50 ಫರ್ಮ್‌ವೇರ್‌ಗೆ ಬರೆದದ್ದು, ಈಗ ಒಂದೂ ತೆರೆಯುವುದಿಲ್ಲ. ಎಸ್‌ಪಿ ರೋಡ್ ಕಡೆ ಒಂದು ಅಂಗಡಿಯಲ್ಲಿ ಕೇಳಿದೆ. ಕೆಟ್ಟುಹೋದ ಇನ್ನೊಂದು ಪಿಎಸ್‌ಪಿಯಲ್ಲಿ 1.50 ಇದೆ, ಅದರ ಚಿಪ್ ಕಿತ್ತು ನಿಮ್ಮದಕ್ಕೆ ಕೂರಿಸಿದರೆ ಆಯ್ತು, 2,500 ರೂಪಾಯಿ ಅಂದರು. ಇದು ನಿಜವಾಗಿ ಆಗುವ ಕೆಲಸವಾ? ಯಾರಾದರೂ ಗೊತ್ತಿದ್ದವರು ಹೇಳಿ ಪ್ಲೀಸ್.

ಬೆಸುಗೆಕೈ:
ಬೇಡ ಸರ್, ಕೊಡಬೇಡಿ.

ಮೊದಲನೇದಾಗಿ ಆ ಚಿಪ್ ಬರೀ ಫರ್ಮ್‌ವೇರ್ ಚಿಪ್ ಅಲ್ಲ. 1000ದಲ್ಲಿ 32 ಎಂಬಿ ನ್ಯಾಂಡ್ ಫ್ಲ್ಯಾಶ್ (ಫರ್ಮ್‌ವೇರ್ ಉಳಿಯುವ ಮೆಮೊರಿ) ಮತ್ತು 32 ಎಂಬಿ ರ್ಯಾಮ್ ಎರಡೂ ಒಂದೇ ಪ್ಯಾಕೇಜ್‌ನಲ್ಲಿವೆ. ಕಾಲುಗಳು ಹೊರಗೆ ಕಾಣುವ ಥರದ್ದೂ ಅಲ್ಲ, ಅಡಿಯಲ್ಲಿ ಬೆಸುಗೆ ಗುಂಡುಗಳ ಮೇಲೆ ಕೂತಿರುತ್ತೆ. ಬಿಸಿಗಾಳಿ ಹೊಡೆದು ಎಬ್ಬಿಸಬೇಕು, ಪ್ಯಾಡ್ ಎಲ್ಲ ಒರೆಸಬೇಕು, ಹೊಸ ಗುಂಡು ಕೂರಿಸಬೇಕು, ಇಪ್ಪತ್ತು ವರ್ಷದ ಬೋರ್ಡ್ ಅಷ್ಟು ಬಿಸಿ ತಡೆಯುತ್ತಾ ಅನ್ನೋದು ಬೇರೆ ಪ್ರಶ್ನೆ. ಒಂದು ಪ್ಯಾಡ್ ಎದ್ದು ಬಂದರೂ ರ್ಯಾಮ್ ಕೂಡ ಹೋಯ್ತು.

ಎರಡನೇದು ಇದಕ್ಕಿಂತ ಮುಖ್ಯ. ನ್ಯಾಂಡ್‌ನಲ್ಲಿ ಫರ್ಮ್‌ವೇರ್ ಜೊತೆ ಐಡಿಸ್ಟೋರೇಜ್ ಅಂತ ಒಂದು ಭಾಗ ಇರುತ್ತೆ. ವೈಫೈ ಮ್ಯಾಕ್ ವಿಳಾಸ, ರೀಜನ್, ಯುಎಂಡಿ (ಪಿಎಸ್‌ಪಿಯ ಗೇಮ್ ಡಿಸ್ಕ್) ಡ್ರೈವ್‌ಗೆ ಬೇಕಾದ ಕೀಗಳು, ಇವೆಲ್ಲ ಅಲ್ಲಿ. ಅದು ಆಯಾ ಯಂತ್ರದ್ದೇ. ಬೇರೆಯವರ ಚಿಪ್ ಹಾಕಿದರೆ ಅವರ ಐಡಿ ನಿಮ್ಮ ಯಂತ್ರಕ್ಕೆ ಬರುತ್ತೆ. ಆನ್ ಆದರೂ ಯುಎಂಡಿ ಓದದೇ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಸ್ವಂತ ಐಡಿಸ್ಟೋರೇಜ್ ಆ ಕಿತ್ತ ಚಿಪ್ ಜೊತೆ ಅಂಗಡಿಯಲ್ಲೇ ಉಳಿಯುತ್ತೆ, ಅದನ್ನು ಆಮೇಲೆ ಯಾರೂ ಕೊಡೋದಿಲ್ಲ.

ಇನ್ನೊಂದು ವಿಷಯ. 2006 ಅಂದಿರಲ್ಲ, ನಿಮ್ಮದು ಟಿಎ-082 ಅನ್ನುವ ಮದರ್‌ಬೋರ್ಡ್ ಇರಬಹುದು. ಯುಎಂಡಿ ಬಾಗಿಲು ತೆಗೆದು, ಡಿಸ್ಕ್ ಆಚೆ ಇಟ್ಟು, ಒಳಗೆ ಕಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಹಸಿರು ಬೋರ್ಡ್ ಮೇಲೆ ಸಣ್ಣ ಬಿಳಿ ಅಕ್ಷರದಲ್ಲಿ ಐಸಿ1003 ಅಂತ ಕಂಡರೆ ಅದೇ. ಆ ಬೋರ್ಡ್‌ನ ಕ್ಲಾಕ್ ಚಿಪ್ ಬೇರೆ, 1.50ಕ್ಕೆ ಅದರ ಪರಿಚಯವೇ ಇಲ್ಲ. ಅಂದ್ರೆ ಎಷ್ಟೇ ಚೆನ್ನಾಗಿ ಬೆಸುಗೆ ಹಾಕಿದರೂ ಹಸಿರು ದೀಪ ಉರಿಯುತ್ತೆ, ಪರದೆ ಕಪ್ಪಾಗೇ ಇರುತ್ತೆ. ಆಗ ಡೌನ್‌ಗ್ರೇಡ್ ಮಾಡೋಕೆ ಹೋಗಿ ತುಂಬಾ ಜನ ಹೀಗೇ ಯಂತ್ರ ಕಳಕೊಂಡರು.

ತುಂಗಾತೀರ:
ಅಂಗಡಿಯವರು ಪೂರ್ತಿ ಕಥೆ ಕಟ್ಟಿಲ್ಲ ಮಾರಾಯ್ರೆ, ಒಂದು ಕಾಲದಲ್ಲಿ ಈ ಯೋಚನೆ ಇತ್ತು. 2006ರಲ್ಲಿ ಅನ್‌ಡೈಲ್ಯೂಟೆಡ್ ಪ್ಲ್ಯಾಟಿನಮ್ ಅಂತ ಮಾಡ್‌ಚಿಪ್ (ಯಂತ್ರ ಮಾರ್ಪಡಿಸಲು ಸೇರಿಸುವ ಚಿಪ್) ಬಂದಿತ್ತು. ಅದರಲ್ಲೂ ಮೂಲ ಚಿಪ್ ಕೀಳುತ್ತಿರಲಿಲ್ಲ. ಕೂದಲಿನ ಹಾಗಿರುವ ವೈರ್‌ಗಳನ್ನು ಬೋರ್ಡ್‌ಗೆ ಬೆಸೆದು, ಪಕ್ಕದಲ್ಲಿ ಎರಡನೇ ಫ್ಲ್ಯಾಶ್ ಇಟ್ಟು, ಬೇಕಾದಾಗ ಇದರಿಂದ, ಬೇಡವಾದಾಗ ಅದರಿಂದ ಬೂಟ್ ಮಾಡೋದು. ಯುಎಸ್‌ಬಿ ಹಾಕಿ ಕಂಪ್ಯೂಟರಿಗೆ ನ್ಯಾಂಡ್ ಪೂರ್ತಿ ಇಳಿಸಿಕೊಳ್ಳಬಹುದಿತ್ತು, ಅದೇ ಅದರ ನಿಜವಾದ ಬೆಲೆ.

ಮರುವರ್ಷ, 2007ರಲ್ಲಿ, ಪಂಡೋರಾ ಬ್ಯಾಟರಿ ಬಂತು. ಅಲ್ಲಿಗೆ ಮಾಡ್‌ಚಿಪ್ ವ್ಯಾಪಾರ ಮುಗೀತು. ಬ್ಯಾಟರಿ ಒಳಗಿನ ಚಿಕ್ಕ ಇಇಪ್ರಾಮ್ ಮೆಮೊರಿ ಚಿಪ್‌ನಲ್ಲಿ ಸೀರಿಯಲ್ ನಂಬರ್ ಇರುತ್ತೆ. ಅದು ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್ ಆಗಿದ್ದರೆ ಯಂತ್ರ ಸರ್ವಿಸ್ ಮೋಡ್‌ಗೆ ಹೋಗಿ, ನ್ಯಾಂಡ್ ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತೆ. ಕೆಲವರು ಬ್ಯಾಟರಿ ಬಿಚ್ಚಿ ಆ ಚಿಪ್‌ನ 5ನೇ ಕಾಲು ಕತ್ತರಿಸಿದರು, ಕೆಲವರು ಸಾಫ್ಟ್‌ವೇರ್‌ನಲ್ಲೇ ಬರೆದರು. ಹಳೇ ಬ್ಯಾಟರಿ ಊದಿಕೊಂಡಿದ್ದರೆ ದಯವಿಟ್ಟು ಬಿಚ್ಚಲು ಹೋಗಬೇಡಿ.

ಇದರಲ್ಲಿ ಗಮನಿಸಬೇಕಾದ್ದು ಏನಪ್ಪಾ ಅಂದ್ರೆ, ಯಾವುದನ್ನು ನಂಬಬೇಕು ಅಂತ ಮೊದಲು ತೀರ್ಮಾನ ಮಾಡೋದು ಪ್ರೊಸೆಸರ್ ಒಳಗಿನ ಬೂಟ್‌ರಾಮ್ (ಬದಲಿಸಲಾಗದ ROM, ರ್ಯಾಮ್ ಅಲ್ಲ), ನ್ಯಾಂಡ್ ಅಲ್ಲ. 2000 ಮಾಡೆಲ್‌ನ ಟಿಎ-088ವಿ3 ಬೋರ್ಡ್‌ನಲ್ಲಿ ಸೋನಿ ಆ ಬೂಟ್‌ರಾಮ್ ಬದಲಾಯಿಸಿದ್ದಕ್ಕೇ ಪಂಡೋರಾ ಅಲ್ಲಿ ಕೆಲಸ ಮಾಡದೇ ಹೋಯ್ತು. ನಿಮ್ಮ 1000ಕ್ಕೆ ಆ ತಲೆನೋವಿಲ್ಲ.

ಹಳೇಬೀದಿಹುಡುಗ:
ಅಣ್ಣಾ, ಇಳಿಸೋದೇ ಯಾಕೆ? 6.61 ಮೇಲೇ ಎಆರ್‌ಕೆ-4 (ಹವ್ಯಾಸಿಗಳು ಮಾರ್ಪಡಿಸಿದ ಫರ್ಮ್‌ವೇರ್) ಹಾಕಿ. ಪಿಎಸ್‌ಪಿ ಫೋಲ್ಡರ್ ಒಳಗೆ ಲೋಡರನ್ನು ಗೇಮ್ ಫೋಲ್ಡರ್‌ಗೆ, ಎಆರ್‌ಕೆ_01234 ಅನ್ನುವುದನ್ನು ಸೇವ್‌ಡೇಟಾ ಫೋಲ್ಡರ್‌ಗೆ ಕಾಪಿ ಮಾಡಿ, ಗೇಮ್ ಮೆನುವಿನಿಂದ ಲೋಡರ್ ಓಡಿಸಿದರೆ ಆಯ್ತು. ಬೆಸುಗೆ ಇಲ್ಲ, ಕಾಸಿಲ್ಲ. ಸ್ವಲ್ಪ ಆಮೇಲೆ ಬರೆದ ಹೋಂಬ್ರೂ ಬಹುಪಾಲು ಅದರಲ್ಲೇ ಓಡುತ್ತೆ.

1.50 ಕರ್ನಲ್ಲೇ (ಫರ್ಮ್‌ವೇರ್‌ನ ತಿರುಳು) ಬೇಕು ಅನ್ನುವ ಪ್ರೋಗ್ರಾಂ ಇದ್ದರೆ ಟೈಮ್‌ಮಶೀನ್ ಅನ್ನುವ ಸಾಫ್ಟ್‌ವೇರ್ ನೋಡಿ, ಪಿಎಸ್‌ಪಿ ಹ್ಯಾಕರ್ ಡಾರ್ಕ್ ಅಲೆಕ್ಸ್ ಮಾಡಿದ್ದು. ಪಂಡೋರಾ ಬ್ಯಾಟರಿ ಹಾಕಿದಾಗ 1.50 ಮೆಮೊರಿ ಸ್ಟಿಕ್‌ನಿಂದಲೇ ಬೂಟ್ ಆಗುತ್ತೆ, ಮಾಮೂಲಿ ಬ್ಯಾಟರಿ ಹಾಕಿದರೆ ನಿಮ್ಮ 6.61 ಇದ್ದ ಹಾಗೇ. ನ್ಯಾಂಡ್ ಮುಟ್ಟೋದೇ ಬೇಡ.

ಆದರೂ ಯಾವುದಕ್ಕೂ ಮೊದಲು ನ್ಯಾಂಡ್ ಡಂಪ್ (ಪೂರ್ತಿ ನಕಲು) ತೆಗೆದು ಎರಡು ಕಡೆ ಇಡಿ. ಫೈಲ್ ಸುಮಾರು 33 ಎಂಬಿ ಬರುತ್ತೆ.

ಸಂಜೆಆಟ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಬಿಟ್ಟು ನೋಡಿದೆ, ಐಸಿ1003 ಅಂತಲೇ ಇದೆ 😅 ಚಿಪ್ ವಿಚಾರ ಕೈಬಿಟ್ಟೆ. ಎಆರ್‌ಕೆ-4 ಹಾಕಿದ್ದೀನಿ, ಸುಮಾರು ಪ್ರೋಗ್ರಾಂ ತೆರೀತಿವೆ, ಬ್ಯಾಟರಿ ವಿಷಯ ಆಮೇಲೆ ನೋಡ್ತೀನಿ. ನನ್ನ ತಮ್ಮ ಈಗ ಅವನ ನಿಂಟೆಂಡೊ ಸ್ವಿಚ್ ಹಿಡಕೊಂಡು ಕೂತಿದ್ದಾನೆ, 2017ರದ್ದು. ಅದರಲ್ಲಿ ಸ್ಟೋರೇಜ್ ಬೇರೆ ಚಿಕ್ಕ ಬೋರ್ಡ್ ಮೇಲಿದೆ, ಕೈಯಲ್ಲೇ ಕಿತ್ತು ಹಳೇ ಫರ್ಮ್‌ವೇರ್ ಇರುವ ಬೇರೆಯವರದ್ದು ಹಾಕಬಹುದಲ್ವಾ ಅಂತಾನೆ.

ಬೆಸುಗೆಕೈ:
ಕೀಳೋದು ಸುಲಭ, ಪ್ರಯೋಜನ ಇಲ್ಲ. ಆ ಬೋರ್ಡ್ ಮೇಲಿರುವ 32 ಜಿಬಿಯ ಮುಖ್ಯ ಭಾಗಗಳೆಲ್ಲ ಎನ್‌ಕ್ರಿಪ್ಟ್ ಆಗಿವೆ, ಕೀ ಇರೋದು ಆಯಾ ಯಂತ್ರದ ಪ್ರೊಸೆಸರ್‌ನಲ್ಲಿ. ಬೇರೆಯವರ ಬೋರ್ಡ್ ಹಾಕಿದರೆ ಇದು ಓದೋಕೇ ಆಗಲ್ಲ.

ಅವನದ್ದೇ ಹಳೇ ಬ್ಯಾಕಪ್ ಇದ್ದರೂ ಇನ್ನೊಂದು ಕಾಟ ಇದೆ. ಕೆಲವು ಅಪ್‌ಡೇಟ್‌ಗಳು ಪ್ರೊಸೆಸರ್ ಒಳಗೆ ಒಂದು ಫ್ಯೂಸ್ ಸುಡುತ್ತವೆ, ಸುಟ್ಟದ್ದು ವಾಪಸ್ ಬರಲ್ಲ. ಬೂಟ್ ಆಗುವಾಗ ಲೆಕ್ಕ ನೋಡುತ್ತೆ, ಈ ಫರ್ಮ್‌ವೇರ್‌ಗೆ ಇರಬೇಕಾದ್ದಕ್ಕಿಂತ ಜಾಸ್ತಿ ಸುಟ್ಟಿದ್ದರೆ ಅಲ್ಲೇ ನಿಲ್ಲುತ್ತೆ. 2018ರಲ್ಲಿ ಹೊರಬಿದ್ದ ಬೂಟ್‌ರಾಮ್ ದೋಷ ಇರುವ ಹಳೇ ಯಂತ್ರಗಳಲ್ಲಿ ಬೇರೆ ಬೂಟ್‌ಲೋಡರ್ ಕೊಟ್ಟು ಆ ಲೆಕ್ಕ ದಾಟಿಸುತ್ತಾರೆ. 2017ರದ್ದಾದರೆ ಅವನದ್ದೂ ಆ ಸಾಲಿನದ್ದೇ. ಆದರೆ ಮೊದಲು ಅವನಿಗೆ ಯಾಕೆ ಇಳಿಸಬೇಕು ಅಂತ ಕೇಳಿ, ಆಮೇಲೆ ಸ್ಕ್ರೂಡ್ರೈವರ್ ಕೊಡಿ.