ವ್ಯಸನಿಯ ಕೈಬಿಡದೆ, ವ್ಯಸನಕ್ಕೆ ಕೈಜೋಡಿಸದೆ

ಮನೆಯವರೊಬ್ಬರು ಕುಡಿತಕ್ಕೋ ಮಾದಕ ವಸ್ತುವಿಗೋ ಜೂಜಿಗೋ ಅಂಟಿಕೊಂಡಾಗ ಸುತ್ತಲಿನವರಿಂದ ಬರುವ ಸಲಹೆಗಳು ಸಾಮಾನ್ಯವಾಗಿ ಎರಡೇ: ಸಹಿಸಿಕೊಂಡು ಹೋಗಿ, ಇಲ್ಲವೇ ಸಂಬಂಧ ಕಡಿದುಕೊಳ್ಳಿ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಬಂಧುಬಳಗದಿಂದ ದೂರವಿರುವ ನಮ್ಮಂಥವರ ಸಂಸಾರಗಳಲ್ಲಿ ಈ ಭಾರವೆಲ್ಲ ಒಬ್ಬರ ಹೆಗಲ ಮೇಲೇ ಬೀಳುವುದರಿಂದ, ಮತ್ತು ಮಕ್ಕಳು ಅದನ್ನು ದಿನವೂ ನೋಡುತ್ತಲೇ ಬೆಳೆಯುವುದರಿಂದ, ಆ ದಾರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇಂಥ ಮನೆಯೊಂದರ ಸೋಮವಾರದ ಬೆಳಿಗ್ಗೆಯನ್ನು ನೆನೆಸಿಕೊಳ್ಳಿ. ಗಂಡ ಏಳುವ ಸ್ಥಿತಿಯಲ್ಲಿಲ್ಲ. ಹೆಂಡತಿ ಅವನ ಫೋನಿನಿಂದಲೇ ಮ್ಯಾನೇಜರಿಗೆ ‘ಜ್ವರ ಬಂದಿದೆ’ ಎಂದು ಸಂದೇಶ ಕಳಿಸುತ್ತಾಳೆ, ಮಂಚದ ಪಕ್ಕದ ವಾಂತಿಯನ್ನು ಒರೆಸುತ್ತಾಳೆ, ಮಗಳ ತಲೆ ಬಾಚುತ್ತಾ ‘ಅಪ್ಪನಿಗೆ ಹುಷಾರಿಲ್ಲ, ಶಾಲೆಯಲ್ಲಿ ಯಾರಿಗೂ ಹೇಳಬೇಡ’ ಎನ್ನುತ್ತಾಳೆ. ಕೆಲಸ ಹೋದರೆ ಮನೆ ನಡೆಯುವುದು ಹೇಗೆಂಬ ಭಯದಿಂದ, ಗಂಡನ ಮೇಲಿನ ಪ್ರೀತಿಯಿಂದ ಅವಳು ಇಷ್ಟನ್ನೂ ಮಾಡುತ್ತಾಳೆ; ಅವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಮಧ್ಯಾಹ್ನ ಎದ್ದವನ ಕಣ್ಣಿಗೆ ಬೀಳುವುದು ಸ್ವಚ್ಛವಾದ ನೆಲ, ಉಳಿದಿರುವ ಕೆಲಸ, ತುಟಿ ಬಿಚ್ಚದ ಮಗಳು. ಹಿಂದಿನ ರಾತ್ರಿ ಏನಾಯಿತೆಂಬುದಕ್ಕೆ ಅವನ ಮುಂದೆ ಒಂದು ಕುರುಹೂ ಉಳಿದಿರುವುದಿಲ್ಲ. ವ್ಯಸನಕ್ಕೆ ನೀರೆರೆಯುವುದು ಎಂದರೆ ಇದೇ: ಕುಡಿತದ ಪರಿಣಾಮ ಕುಡಿದವನನ್ನು ಮುಟ್ಟುವ ಮೊದಲೇ ಇನ್ನೊಬ್ಬರು ಅದನ್ನು ಅಳಿಸಿಹಾಕುವುದು.

ಹಾಗಾಗಿ ಪ್ರತಿ ಸಹಾಯಕ್ಕೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದರಿಂದ ಚಿಕಿತ್ಸೆ ಹತ್ತಿರವಾಗುತ್ತದೆಯೇ ಅಥವಾ ಮುಂದಿನ ಕುಡಿತ ಸಲೀಸಾಗುತ್ತದೆಯೇ ಎಂಬುದು. ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು, ಅಮಲಿಲ್ಲದ ಸಂಜೆ ಕೂತು ಮಾತಾಡುವುದು, ಆಸ್ಪತ್ರೆಯ ಹಣವನ್ನು ನೇರವಾಗಿ ಆಸ್ಪತ್ರೆಗೇ ಕಟ್ಟುವುದು ಸಹಾಯ. ಕೈಗೆ ನಗದು ಕೊಡುವುದು, ಸಾಲವನ್ನು ಗುಟ್ಟಾಗಿ ತೀರಿಸುವುದು, ಅವರ ಪರವಾಗಿ ಸುಳ್ಳು ಹೇಳುವುದು ಆ ಸಾಲಿಗೆ ಸೇರುವುದಿಲ್ಲ. ಆದರೆ ಪ್ರಾಣಕ್ಕೆ ಅಪಾಯವಿರುವಲ್ಲಿ ‘ಅನುಭವಿಸಲಿ ಬಿಡಿ’ ಎಂಬ ಮಾತು ಸಲ್ಲದು. ಕುಡಿದವರ ಕೈಯಿಂದ ಕಾರಿನ ಕೀಲಿ ಕಿತ್ತುಕೊಳ್ಳುವುದೂ, ಹೆರಾಯಿನ್, ಫೆಂಟನಿಲ್‌ನಂಥ ಒಪಿಯಾಯ್ಡ್ ಬಳಸುವವರಿರುವ ಮನೆಯಲ್ಲಿ ಅದರ ಮಿತಿಮೀರಿದ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಇಟ್ಟುಕೊಳ್ಳುವುದೂ ವ್ಯಸನಕ್ಕೆ ಕುಮ್ಮಕ್ಕು ಕೊಟ್ಟಂತಲ್ಲ. ಹಾಗೆಯೇ ಬಹುಕಾಲದಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿರುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೊರಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ತೀವ್ರ ನಡುಕ ಮತ್ತು ಭ್ರಮೆಗಳ ಸನ್ನಿ ಕಾಣಿಸಿಕೊಳ್ಳಬಹುದು, ಅದು ಜೀವವನ್ನೇ ತೆಗೆದೀತು. ಕುಡಿತ ಬಿಡಿಸುವ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವವರೂ ಇದ್ದಾರೆ. ಅಂಥ ಮಾತ್ರೆಗಳಲ್ಲೊಂದಾದ ಡೈಸಲ್ಫಿರಾಂ ಒಳಗಿರುವಾಗ ಮದ್ಯ ಸೇರಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಆಪತ್ತು ಬರಬಹುದಾದ್ದರಿಂದ ಅದನ್ನು ದಯವಿಟ್ಟು ಯಾರೂ ಮಾಡಬೇಡಿ.

ಪೂರ್ತಿ ನೆಲಕಚ್ಚಿದ ಮೇಲೇ ವ್ಯಸನಿಗೆ ಬುದ್ಧಿ ಬರುವುದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಮೈಯರ್ಸ್ ಅವರು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಬೆಳೆಸಿದ ‘ಕ್ರಾಫ್ಟ್’ ಎಂಬ ಪದ್ಧತಿಯಲ್ಲಿ ತರಬೇತಿ ಸಿಗುವುದು ವ್ಯಸನಿಗಲ್ಲ, ಮನೆಯವರಿಗೆ. ಕುಡಿಯದ ಹೊತ್ತನ್ನು ಗುರುತಿಸಿ ಆಗ ಮಮತೆಯಿಂದ ನಡೆದುಕೊಳ್ಳುವುದು, ಕುಡಿದು ಬಂದಾಗ ಜಗಳವಾಡದೆ ದೂರ ಸರಿಯುವುದು, ಸಹಜವಾಗಿ ಬರುವ ಪರಿಣಾಮವನ್ನು ತಡೆಯದಿರುವುದು, ಚಿಕಿತ್ಸೆಯ ಮಾತೆತ್ತಲು ಸರಿಯಾದ ಗಳಿಗೆಗಾಗಿ ಕಾಯುವುದು ಅದರ ಮುಖ್ಯ ಪಾಠಗಳು. 1999ರಲ್ಲಿ ಪ್ರಕಟವಾದ, ಚಿಕಿತ್ಸೆಗೆ ಒಪ್ಪದ ಮದ್ಯವ್ಯಸನಿಗಳ 130 ಆಪ್ತರನ್ನು ಒಳಗೊಂಡ ಅಧ್ಯಯನದಲ್ಲಿ ಈ ಪದ್ಧತಿ ಕಲಿತವರ ಪೈಕಿ ಶೇಕಡ 64ರಷ್ಟು ಮಂದಿ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು; ಎಲ್ಲರೂ ಸೇರಿ ಎದುರು ಕೂರಿಸಿಕೊಂಡು ಒತ್ತಾಯಿಸುವ ವಿಧಾನದಲ್ಲಿ ಅದು ಶೇಕಡ 30 ಮಾತ್ರ. ಪ್ರೀತಿಯನ್ನೂ ಬಿಗಿಯನ್ನೂ ಒಟ್ಟಿಗೆ ಹಿಡಿಯಬಹುದೆಂಬ ಧೈರ್ಯ ನನಗೆ ಬಂದಿರುವುದು ಇದರಿಂದ.

ಬಿಗಿ ಎಂದೊಡನೆ ಅನೇಕರು ‘ಇನ್ನು ಮುಂದೆ ನೀನು ಕುಡಿಯಕೂಡದು’ ಎಂದು ಆಜ್ಞೆ ಹೊರಡಿಸುತ್ತಾರೆ, ಆಣೆ ಹಾಕಿಸುತ್ತಾರೆ. ಅದನ್ನು ಪಾಲಿಸುವುದು ನಮ್ಮ ಕೈಯಲ್ಲಿಲ್ಲ. ‘ನೀನು ಕುಡಿದಿರುವಾಗ ನಾನು ವಾದಕ್ಕೆ ನಿಲ್ಲುವುದಿಲ್ಲ, ಮಕ್ಕಳನ್ನು ನಿನ್ನ ಜೊತೆ ಕಾರಿನಲ್ಲಿ ಕಳಿಸುವುದಿಲ್ಲ, ಕಚೇರಿಗೆ ನಾನು ಫೋನ್ ಮಾಡುವುದಿಲ್ಲ’ ಎಂಬುದು ನಮ್ಮ ಕೈಯಲ್ಲಿರುವ ಮಾತು. ಅದನ್ನು ಅಮಲಿಳಿದ ಹೊತ್ತಿನಲ್ಲಿ, ದನಿ ಏರಿಸದೆ, ಉಳಿಸಿಕೊಳ್ಳಲಾಗುವಷ್ಟನ್ನೇ ಹೇಳಬೇಕು. ಮೂರನೆಯ ದಿನಕ್ಕೆ ಸಡಿಲಾಗುವ ಮಾತಿಗಿಂತ ಆಡದ ಮಾತೇ ಮೇಲು. ಹೊಡೆತ ಬಡಿತ ಶುರುವಾಗಿದ್ದರೆ ಈ ಯಾವ ಉಪಾಯಕ್ಕೂ ಕಾಯದೆ ಮಕ್ಕಳೊಡನೆ ಸುರಕ್ಷಿತ ಜಾಗ ಸೇರುವುದು ಮೊದಲು.

ಮಕ್ಕಳಿಗೆ ಏನು ಹೇಳುವುದೆಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಏನೂ ಹೇಳದಿದ್ದರೆ ಅವರು ತಮ್ಮದೇ ಕಾರಣ ಕಂಡುಕೊಳ್ಳುತ್ತಾರೆ, ಎಷ್ಟೋ ಸಲ ಅದು ‘ನಾನು ಗಲಾಟೆ ಮಾಡಿದ್ದಕ್ಕೆ ಅಪ್ಪ ಕುಡಿದರು’ ಎಂಬುದಾಗಿರುತ್ತದೆ. ಅಪ್ಪನಿಗೆ ಕುಡಿತದ ಕಾಯಿಲೆ ಇದೆ, ಅದು ನಿನ್ನಿಂದ ಬಂದದ್ದಲ್ಲ, ಅದನ್ನು ವಾಸಿಮಾಡುವುದು ನಿನ್ನ ಕೆಲಸವೂ ಅಲ್ಲ, ನಿನಗೆ ಭಯವಾದರೆ ಇಂಥವರಿಗೆ ಹೇಳಬಹುದು ಎಂದು ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಮದ್ಯವ್ಯಸನಿಗಳ ಕುಟುಂಬದವರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಸಂಘಟನೆ ಅನೇಕ ದೇಶಗಳಲ್ಲಿ ಉಚಿತವಾಗಿ ಸಭೆ ನಡೆಸುತ್ತದೆ. ಹದಿಹರೆಯದವರಿಗೆಂದೇ ಅದರ ಅಲಾಟೀನ್ ಶಾಖೆಯಿದೆ. ಅಲ್ಲಿ ಹೆಸರು ಹೊರಗೆ ಹೋಗುವುದಿಲ್ಲ. ನಮ್ಮವರಿಗೆ ತಿಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ ಇರುವವರಿಗೆ ಇದೊಂದು ದೊಡ್ಡ ಸಮಾಧಾನ.

ಚಿಕಿತ್ಸೆ ಮುಗಿಸಿ ಬಂದವರು ಮತ್ತೆ ಜಾರಬಹುದು. ಒಪಿಯಾಯ್ಡ್ ಬಿಟ್ಟಿದ್ದವರ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲವಾದ್ದರಿಂದ ಪ್ರಾಣಾಪಾಯ ಹೆಚ್ಚು ಆಗಲೇ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಅಪಾಯ ಇನ್ನೂ ಹೆಚ್ಚು. ಔಷಧಿ ಬದಲಿಸಬೇಕೇ, ನಿಗಾ ಹೆಚ್ಚಿಸಬೇಕೇ ಎಂಬುದನ್ನು ಅದೇ ವೈದ್ಯರೊಡನೆ ಮಾತಾಡಬೇಕು. ಇನ್ನೂ ಆರಂಭವೇ ಆಗಿಲ್ಲವೆನ್ನುವ ಮನೆಗಳಲ್ಲಿ, ಮೊದಲ ಭೇಟಿಗೆ ವ್ಯಸನಿಯೇ ಬರಬೇಕೆಂದೇನೂ ಇಲ್ಲ. ಹೆಂಡತಿಯೋ ತಾಯಿಯೋ ಅಣ್ಣನೋ ಒಬ್ಬರೇ ಹೋಗಿ ಕುಟುಂಬ ವೈದ್ಯರಲ್ಲಿ ಅಥವಾ ವ್ಯಸನ ಚಿಕಿತ್ಸೆಯ ಆಪ್ತಸಲಹೆಗಾರರಲ್ಲಿ ಈ ವಾರವೇ ಮಾತು ಶುರುಮಾಡಬಹುದು.