ಮಂಜಿನ ಬೆಳಿಗ್ಗೆ ಹೊಳೆ ದಡದಿಂದ ಸೀಬಾಸ್‌ಗೆ ಗಾಳ: ನಿಧಾನ ಎಳೆಯಬೇಕಾ?

ಹೊಳೆಬದಿ (ಉಡುಪಿ)

ನಮಸ್ಕಾರ ಎಲ್ಲರಿಗೂ. ಕೆಮ್ಮಣ್ಣು ಕಡೆ ಸ್ವರ್ಣಾ ಹೊಳೆಯ ದಡದಲ್ಲಿ ನಿಂತು ಗಾಳ ಹಾಕುತ್ತೇನೆ, ದೋಣಿ ಇಲ್ಲ. ಈ ವಾರ ಮೂರು ದಿನ ಬೆಳಿಗ್ಗೆ ಆರೂವರೆಗೆ ಹೋದೆ. ಎಂಥ ಮಂಜು ಅಂದ್ರೆ ಎದುರಿನ ಕುದ್ರುವಿನ (ಹೊಳೆ ನಡುವಿನ ದ್ವೀಪ) ತೆಂಗಿನ ಮರ ಕೂಡ ಕಾಣುತ್ತಿರಲಿಲ್ಲ. ಅಮೆರಿಕದವರ ವಿಡಿಯೋಗಳಲ್ಲಿ ಚಳಿಗಾಲದ ಮಂಜಿನಲ್ಲಿ ದಡದಿಂದಲೇ ಲಾರ್ಜ್‌ಮೌತ್ ಬಾಸ್ ಹಿಡಿಯುತ್ತಾರಲ್ಲ, ಜಿಗ್ಗನ್ನು (ತೂಕದ ತಲೆ ಇರುವ ಗಾಳ) ತಳಕ್ಕೆ ಬಿಟ್ಟು, ಒಂದಿಷ್ಟು ಎಳೆದು, ಸುಮ್ನೆ ಕಾಯುತ್ತಾರೆ. ನಾನೂ ಹಾಗೇ ಮಾಡಿದೆ. ಒಂದು ಸೀಬಾಸ್ ಕೂಡ ಮುಟ್ಟಲಿಲ್ಲ. ಮೂರು ಜಿಗ್ ಕಲ್ಲಿಗೆ ಸಿಕ್ಕಿ ಹೋದವು. ಮಂಜಿದ್ದರೆ ನಮ್ಮ ಮೀನು ಕಚ್ಚುವುದಿಲ್ವಾ, ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ?

ಕಾಂಡ್ಲಗಿಡ (ಮಂಗಳೂರು)

ಹೆಸರಲ್ಲಿ ಬಾಸ್ ಇದೆ ಅಷ್ಟೇ ಮಾರಾಯ್ರೆ, ಎರಡೂ ಬೇರೆ ಮೀನು. ಲಾರ್ಜ್‌ಮೌತ್ ಸಿಹಿನೀರಿನದ್ದು, ನಮ್ಮ ಹೊಳೆಗಳಲ್ಲಿ ಇಲ್ಲ. ನಮ್ಮ ಸೀಬಾಸ್ ಅಂದರೆ ಗೋವಾದವರ ಚೊಣಕ್, ಬಂಗಾಳದವರ ಭೆಟ್ಕಿ. ಉಪ್ಪುನೀರು ಸಿಹಿನೀರು ಎರಡರಲ್ಲೂ ಓಡಾಡುತ್ತದೆ. ಅಲ್ಲಿ ನಿಧಾನ ಎಳೆಯುವುದು ನೀರು ತಣ್ಣಗಾಗುತ್ತದೆ ಅಂತ. ನಮ್ಮಲ್ಲಿ ಬೆಳಿಗ್ಗೆ ಗಾಳಿ ತಣ್ಣಗಿದ್ದರೂ ನೀರಿಗೆ ಕೈ ಹಾಕಿ ನೋಡಿ, ಬೆಚ್ಚಗೇ ಇರುತ್ತದೆ.

ನೀವು ನೋಡಬೇಕಾದ್ದು ಮಂಜಲ್ಲ, ಭರತ ಇಳಿತ. ಮೂರು ದಿನವೂ ಅದೇ ಆರೂವರೆಗೆ ಹೋಗಿದ್ದೀರಿ, ಆದರೆ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ನಿಂತ ಹೊತ್ತಿನಲ್ಲಿ ಈ ಮೀನು ಸುಮ್ನೆ ಇರುವುದು ಜಾಸ್ತಿ. ನನಗೆ ಒಳ್ಳೆಯದಾಗಿ ಸಿಕ್ಕಿದ್ದು ಇಳಿತ ಶುರುವಾದ ಮೊದಲ ಎರಡು ಗಂಟೆಯಲ್ಲಿ. ಆಗ ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ಒಳಗಿನ ನೀರು ಸಣ್ಣ ತೋಡುಗಳಲ್ಲಿ ಹೊಳೆಗೆ ಇಳಿಯುತ್ತದೆ, ಅದರ ಜೊತೆ ಸಿಗಡಿ, ಮರಿಮೀನು ಎಲ್ಲಾ ಬರುತ್ತವೆ. ಸೀಬಾಸ್ ಓಡಿಸಿಕೊಂಡು ಹೋಗುವ ಮೀನಲ್ಲ, ತೋಡಿನ ಬಾಯಲ್ಲಿ ಬೇರಿನ ಮರೆಯಲ್ಲಿ ನಿಂತು ಹೊಂಚು ಹಾಕುತ್ತದೆ. ಅದರ ಬಾಯಿ ಮುಂದೆಯೇ ಲೂರ್ (ಜಿಗ್‌ನಂಥ ಕೃತಕ ಎರೆ) ಹೋಗಬೇಕು. ತೋಡಿನಿಂದ ಸ್ವಲ್ಪ ಮೇಲೆ ಎಸೆದು, ನೀರಿನ ಜೊತೆಗೇ ಬರಲು ಬಿಡಿ, ತಳಕ್ಕೆ ತಾಗಿಸಬೇಡಿ, ನಡುನಡುವೆ ಒಂದು ಜಗ್ಗು ಕೊಡಿ. ಜಿಗ್ ಹೋಗುವುದೂ ಕಡಿಮೆಯಾಗುತ್ತದೆ.

ಕಾಪುವಿನವನು (ಈಗ ಟೆಕ್ಸಾಸ್)

ನಾನು ಎರಡೂ ಹಿಡಿದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಜನವರಿಯಲ್ಲಿ ಕೆರೆಯ ನೀರು 10 ಡಿಗ್ರಿಗೆ ಬಂದರೆ ಲಾರ್ಜ್‌ಮೌತ್‌ಗೆ ಹಸಿವೇ ಕಡಿಮೆ. ಎದುರಿಗೆ ಬಂದದ್ದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ. ಕಚ್ಚಿದ್ದೇ ಗೊತ್ತಾಗುವುದಿಲ್ಲ, ದಾರ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ಕಣ್ಣು ದಾರದ ಮೇಲೇ ಇರಬೇಕು. ಊರಲ್ಲಿ ಸೀಬಾಸ್ ಕಚ್ಚಿದರೆ ರಾಡ್ ಕೈಯಿಂದ ಕಿತ್ತುಕೊಂಡು ಹೋದ ಹಾಗೆ, ಮರುಕ್ಷಣ ನೀರಿನ ಮೇಲೆ ಹಾರಿ ತಲೆ ಕೊಡವುತ್ತದೆ.

ಆದರೆ ಮಂಜು ಎರಡು ಕಡೆಯೂ ನಮ್ಮ ಪರವೇ. ಬೆಳಕು ಕಡಿಮೆ ಇದ್ದಷ್ಟು ಹೊತ್ತು ಮೀನು ದಡದ ಹತ್ತಿರ ನಿಲ್ಲುತ್ತದೆ, ನಮ್ಮ ನೆರಳೂ ನೀರಿನ ಮೇಲೆ ಬೀಳುವುದಿಲ್ಲ. ಹಾಗಾಗಿ ದೂರ ಎಸೆಯುವ ಮೊದಲು ಕಾಲಬುಡದಿಂದ ಎರಡು ಮಾರು ದೂರದಲ್ಲಿ ದಡದ ಉದ್ದಕ್ಕೂ ಒಮ್ಮೆ ಎಳೆದು ನೋಡಿ. ಕಾಣದಿದ್ದರೂ ಮೀನಿಗೆ ಮೈಪಕ್ಕದ ಗೆರೆಯಿಂದ ನೀರಿನ ಅಲುಗಾಟ ಗೊತ್ತಾಗುತ್ತದೆ, ಬಾಲ ಅಲ್ಲಾಡಿಸುವ ರಬ್ಬರ್ ಮೀನು ಆಗ ಚೆನ್ನಾಗಿ ಕೆಲಸ ಮಾಡುತ್ತದೆ. ದಡದಲ್ಲಿ ದಪದಪ ನಡೆಯಬೇಡಿ, ಅದೂ ಅದಕ್ಕೆ ಗೊತ್ತಾಗುತ್ತದೆ.

ಸಸಿಹಿತ್ಲುದಾರಿ

ಲೀಡರ್ (ಗಾಳದ ಹತ್ತಿರ ಕಟ್ಟುವ ದಾರದ ತುಂಡು) ದಪ್ಪದ್ದು ಹಾಕಿ, 30 ಪೌಂಡ್ ತಡೆಯುವುದಕ್ಕಿಂತ ಕಡಿಮೆ ಬೇಡ. ಸೀಬಾಸ್‌ನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರುತ್ತದೆ. ನನ್ನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ, ಅಲ್ಲಿ ಹಿಡಿಯಲೇಬೇಡಿ.

ಇನ್ನೊಂದು ಮಾತು. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಆದ ಮೇಲೆ ಹೆಣ್ಣಾಗುತ್ತದೆ. ಅಂದರೆ ದೊಡ್ಡದು ಸಿಕ್ಕಿದರೆ ಅದು ಹೆಚ್ಚಾಗಿ ಮೊಟ್ಟೆ ಇಡುವ ಹೆಣ್ಣೇ. ಸಾರಿಗೆ ಎರಡು ಕೆಜಿಯದ್ದು ಧಾರಾಳ ಸಾಕು, ದೊಡ್ಡದನ್ನು ದಯವಿಟ್ಟು ಬಿಡಿ. ನೀರಿನಲ್ಲೇ ಹಿಡಿದು, ಅದು ತಾನೇ ಒದ್ದು ಹೋಗುವ ತನಕ ಕಾಯಿರಿ. ಮತ್ತೆ ಮಂಜಿನಲ್ಲಿ ನೀರಿಗಿಳಿದು ನಿಲ್ಲಬೇಡಿ. ದೋಣಿಯವರಿಗೆ ನೀವು ಕಾಣುವುದಿಲ್ಲ. ತಲೆಗೆ ಒಂದು ಲೈಟ್ ಕಟ್ಟಿಕೊಳ್ಳಿ.

ಹೊಳೆಬದಿ (ಉಡುಪಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಭರತದ ಹೊತ್ತು ನೋಡಿಕೊಂಡೇ ಹೋದೆ, ಏಳೂಕಾಲಿಗೆ ಇಳಿತ ಶುರು. ತೋಡಿನ ಬಾಯಲ್ಲಿ ಒಂದು ಒಣ ಕಾಂಡ್ಲ ಎಲೆ ನಿಂತಲ್ಲೇ ತಿರುಗುತ್ತಿತ್ತು, ಅದು ಹೊಳೆ ಕಡೆ ಹೊರಟಾಗ ಎಸೆಯಲು ಶುರು ಮಾಡಿದೆ. ಆರನೆಯದೋ ಏಳನೆಯದೋ ಎಸೆತಕ್ಕೆ ಕಚ್ಚಿತು, ಕಾಲಿನ ಹತ್ತಿರವೇ! ಒಂದೂವರೆ ಕೆಜಿ ಇರಬಹುದು. ಮಂಜಿನಲ್ಲಿ ಹಾರಿದ್ದು ಕಾಣಲಿಲ್ಲ, ಬಿದ್ದ ಸದ್ದು ಮಾತ್ರ ಕೇಳಿಸಿತು. ಮನೆಗೆ ತಂದಿದ್ದೇನೆ, ಅಮ್ಮ ಈಗ ಮಸಾಲೆ ಅರೆಯುತ್ತಿದ್ದಾರೆ. ನಾಳೆ ಎಂಟಕ್ಕೆ ಹೋಗುತ್ತೇನೆ, ಲೀಡರ್ ಬದಲಾಯಿಸಿಕೊಂಡು.