ಕಲ್ಪನೆಯ ಬಾಹ್ಯಾಕಾಶ ನೌಕಾಪಡೆ: ಹಲ್ ನಂಬರ್ (ನೌಕೆಯ ಗುರುತಿನ ಸಂಖ್ಯೆ) ಕ್ರಮವಾಗಿ ಇರಬೇಕೇ?

ಲಂಗರು:
ನಾವು ಕಟ್ಟುತ್ತಿರುವ ಕಲ್ಪನೆಯ ಪಡೆಯಲ್ಲಿ ನಾಲ್ಕು ಬಗೆಯ ನೌಕೆಗಳಿವೆ: ಮಹಾನೌಕೆ, ವಾಹಕ, ಬೆಂಗಾವಲು, ಗಸ್ತು. ನನ್ನ ಸೂತ್ರ ಹೀಗಿದೆ. ಬಗೆಗೊಂದು ಅಕ್ಷರ, ಅದರ ಮುಂದೆ ಕ್ರಮಸಂಖ್ಯೆ: ಮ-1, ವ-1, ಬ-1, ಗ-1. ಕಟ್ಟಲು ಆದೇಶವಾದ ದಿನವೇ ಸಂಖ್ಯೆ ಬೀಳಬೇಕು. ಒಮ್ಮೆ ಕೊಟ್ಟದ್ದನ್ನು ನೌಕೆ ನಾಶವಾದರೂ ಇನ್ನೊಂದಕ್ಕೆ ಕೊಡಬಾರದು. ಹೆಸರು ಮಾತ್ರ ಮರಳಿ ಬರಬಹುದು. ಅಮೆರಿಕದ ನೌಕಾಪಡೆ 1920ರಿಂದ ಮಾಡಿಕೊಂಡು ಬಂದಿರುವುದು ಇದನ್ನೇ. 1942ರ ಮೇ ತಿಂಗಳಲ್ಲಿ ಕೋರಲ್ ಸಮುದ್ರದ ಕದನದಲ್ಲಿ ವಿಮಾನವಾಹಕ ಲೆಕ್ಸಿಂಗ್ಟನ್ (ಸಿವಿ-2) ಮುಳುಗಿತು. ಕ್ಯಾಬಟ್ ಎಂದು ಕಟ್ಟುತ್ತಿದ್ದ ಸಿವಿ-16ಕ್ಕೆ ಆ ಹೆಸರಿಟ್ಟರು, 2 ಎಂಬ ಸಂಖ್ಯೆಯನ್ನು ಮುಟ್ಟಲಿಲ್ಲ. ಹೆಸರುಗಳಿಗೆ ನನ್ನ ಸಲಹೆ: ಮಹಾನೌಕೆಗೆ ನಕ್ಷತ್ರ, ವಾಹಕಕ್ಕೆ ಬೆಟ್ಟ, ಬೆಂಗಾವಲಿಗೆ ಹಕ್ಕಿ, ಗಸ್ತಿಗೆ ಗಾಳಿ.

ಹಡಗಿನ ಹುಳು:
"1920ರಿಂದ ಇದನ್ನೇ" ಅಂತ ಯಾರು ಹೇಳಿದರು ನಿಮಗೆ? ಸೀವುಲ್ಫ್ ಜಲಾಂತರ್ಗಾಮಿಯ ಸಂಖ್ಯೆ ಎಸ್‌ಎಸ್‌ಎನ್-21. ಅದು ಕ್ರಮಸಂಖ್ಯೆಯಲ್ಲ, 21ನೇ ಶತಮಾನದ ಜಲಾಂತರ್ಗಾಮಿ ಎಂಬ ಯೋಜನೆಯ ಗುರುತು. 21, 22, 23 ಆದ ಮೇಲೆ ಮುಂದಿನ ಜಲಾಂತರ್ಗಾಮಿ ವರ್ಜೀನಿಯಾಕ್ಕೆ ಹಳೆಯ ಸಾಲಿನ 774. ಟೈಕಾಂಡೆರೋಗಕ್ಕೆ ಆದೇಶವಾದದ್ದು ಡೆಸ್ಟ್ರಾಯರ್ ಡಿಡಿಜಿ-47 ಎಂದು, ಸೇವೆಗೆ ಬಂದದ್ದು ಕ್ರೂಸರ್ ಸಿಜಿ-47 ಆಗಿ. ಅದಕ್ಕೇ ಡಿಡಿಜಿ ಸಾಲಿನಲ್ಲಿ 46 ಆದ ಮೇಲೆ ನೇರ 51. ಕೊನೆಗೆ ಡೆಸ್ಟ್ರಾಯರ್ ಝುಮ್ವಾಲ್ಟ್‌ಗೆ 1000. ಆದೇಶದ ದಿನವೇ ಸಂಖ್ಯೆ ಕೊಟ್ಟರೆ ಆಗುವ ಎಡವಟ್ಟು ಇದು: ಕಟ್ಟುವಾಗ ಬಗೆ ಬದಲಾಗುತ್ತದೆ, ಸಾಲಿನಲ್ಲಿ ತೂತು ಬೀಳುತ್ತದೆ.

ಗಣಕಿ:
ತೂತು ಬಿದ್ದರೆ ಒಳ್ಳೆಯದೇ. ತೂತಿಲ್ಲದ ಸಾಲೇ ಅಪಾಯ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಕಟ್ಟುತ್ತಿದೆ ಎಂಬುದನ್ನು ಮಿತ್ರಪಡೆಯ ಸಂಖ್ಯಾಶಾಸ್ತ್ರಜ್ಞರು ಸಿಕ್ಕ ಟ್ಯಾಂಕ್‌ಗಳ ಸೀರಿಯಲ್ ನಂಬರ್ ನೋಡಿ ಲೆಕ್ಕ ಹಾಕಿದರು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1550, ಇವರ ಅಂದಾಜು 327. ಯುದ್ಧದ ಬಳಿಕ ಜರ್ಮನ್ ಕಡತದಲ್ಲಿ ಸಿಕ್ಕಿದ್ದು 342. ವಿಧಾನ ಸುಲಭ: ಕಂಡ ಸಂಖ್ಯೆಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ, ಅದನ್ನು ಕಂಡವುಗಳ ಎಣಿಕೆಯಿಂದ ಭಾಗಿಸಿ ಅದಕ್ಕೇ ಕೂಡಿಸಿ, ಒಂದು ಕಳೆಯಿರಿ. ಶತ್ರುವಿಗೆ ಬ-19, ಬ-40, ಬ-42, ಬ-60 ಕಂಡವು ಅನ್ನಿ. 60 + 15 − 1 = 74. ನಾಲ್ಕೇ ನೌಕೆ ನೋಡಿ ನಿಮ್ಮ ಇಡೀ ಬೆಂಗಾವಲು ಪಡೆಯ ಗಾತ್ರ ಹೇಳಿಬಿಡುತ್ತಾನೆ.

ಲಂಗರು:
ಟ್ಯಾಂಕ್‌ಗಳಲ್ಲಿ ಓದಿದ್ದು ಕೈಗೆ ಸಿಕ್ಕ ಗೇರ್‌ಬಾಕ್ಸ್ ಮೇಲೆ ಒತ್ತಿದ ಅಂಕಿಗಳನ್ನು. ಬಾಹ್ಯಾಕಾಶದಲ್ಲಿ ಸಾವಿರ ಕಿಲೋಮೀಟರ್ ಆಚೆ ಹಾದುಹೋಗುವ ನೌಕೆಯ ಮೈಮೇಲಿನ ಬಣ್ಣದ ಅಂಕಿಯನ್ನು ಯಾರು ಓದುತ್ತಾರೆ? ಅದು ಕಾಣಬೇಕಾದದ್ದು ಡಾಕಿಂಗ್ ಮಾಡುವವರಿಗೆ, 500 ಮೀಟರ್ ಒಳಗೆ.

ದುರ್ಬೀನು:
"ಯಾರು ಓದುತ್ತಾರೆ" ಎಂದು ಕೇಳಿದ್ದೀರಿ, ಲೆಕ್ಕ ಇಲ್ಲಿದೆ. ಅಂಕಿಯ ಎತ್ತರ 10 ಮೀಟರ್ ಇರಲಿ. ಗುರುತಿಸಲು ಆ ಎತ್ತರವನ್ನು ಐದು ಭಾಗವಾಗಿಯಾದರೂ ಬಿಡಿಸಿ ನೋಡಬೇಕು, ಅಂದರೆ 2 ಮೀಟರ್. 1000 ಕಿ.ಮೀ. ದೂರಕ್ಕೆ ಅದು 2 ಮೈಕ್ರೋರೇಡಿಯನ್ (ದೂರದ ಹತ್ತು ಲಕ್ಷದಲ್ಲಿ ಎರಡು ಪಾಲು) ಕೋನ. 550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ 1.22ರ ಸೂತ್ರ (1.22 × ತರಂಗಾಂತರ ÷ ಕೋನ) ಹಾಕಿದರೆ ಕನ್ನಡಿಯ ವ್ಯಾಸ ಸುಮಾರು 34 ಸೆಂಟಿಮೀಟರ್. ಅಷ್ಟೇ. ಗಾಳಿ ಇಲ್ಲದ ಕಡೆ ಚಿತ್ರ ನಡುಗುವುದೂ ಇಲ್ಲ. ದೂರ ಹತ್ತು ಪಟ್ಟಾದರೆ ಕನ್ನಡಿಯೂ ಹತ್ತು ಪಟ್ಟು, 3.4 ಮೀಟರ್. ಯುದ್ಧನೌಕೆಗೆ ಅದೂ ಅಸಾಧ್ಯವಲ್ಲ.

ನಿರ್ವಾತ:
ನಡುಗುವುದಿಲ್ಲವೇ? ನೌಕೆಗಳ ನಡುವಿನ ಅಡ್ಡವೇಗ ಸೆಕೆಂಡಿಗೆ 7 ಕಿ.ಮೀ. ಇದ್ದರೆ 1000 ಕಿ.ಮೀ. ದೂರದಲ್ಲಿ ಸೆಕೆಂಡಿಗೆ 7000 ಮೈಕ್ರೋರೇಡಿಯನ್ ಸರಿಯುತ್ತದೆ. ನಿಮ್ಮ 2 ಮೈಕ್ರೋರೇಡಿಯನ್ ಉಳಿಯಬೇಕಾದರೆ ಎಕ್ಸ್‌ಪೋಶರ್ 0.3 ಮಿಲಿಸೆಕೆಂಡ್ ಮೀರಬಾರದು. ಅದೂ ಅಂಕಿ ಇರುವ ಬದಿಗೆ ಬಿಸಿಲು ಬಿದ್ದಿದ್ದರೆ. ನೆರಳಿನ ಬದಿ ಕಪ್ಪೇ ಕಪ್ಪು.

ದುರ್ಬೀನು:
ದೂರದರ್ಶಕವನ್ನು ಗುರಿಯ ಜೊತೆಗೇ ತಿರುಗಿಸುತ್ತಾರೆ ಸ್ವಾಮಿ, ಮೊಳೆ ಹೊಡೆದು ನಿಲ್ಲಿಸುವುದಿಲ್ಲ. ಕಕ್ಷೆ ಗೊತ್ತಿದ್ದರೆ ಸರಿಯುವ ವೇಗವೂ ಮೊದಲೇ ಗೊತ್ತು. ಸಾವಿರ ಚಿತ್ರ ತೆಗೆದು ಒಳ್ಳೆಯ ಹತ್ತನ್ನು ಉಳಿಸಿಕೊಂಡರೆ ಸಾಕು.

ನಿರ್ವಾತ:
ನೆರಳಿನ ಮಾತಿಗೆ ಉತ್ತರ ಬರಲಿಲ್ಲ.

ಲಂಗರು:
ಸರಿ, ಸಾಲನ್ನು 1ರಿಂದ ಬೇಡ, 401ರಿಂದ ಶುರು ಮಾಡೋಣ. ಗಣಕಿಯವರ ಟ್ಯಾಂಕ್ ಲೆಕ್ಕ ಅಲ್ಲಿಗೆ ಮುಗಿಯಿತು.

ಗಣಕಿ:
ಮುಗಿಯಲಿಲ್ಲ. ಆರಂಭ ಗೊತ್ತಿಲ್ಲದಿದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದು ಲೆಕ್ಕ ಹಾಕುತ್ತಾರೆ. 419, 440, 442, 460 ಕಂಡವು. ಅಂತರ 41. ಅದಕ್ಕೆ ಐದರಿಂದ ಗುಣಾಕಾರ, ಮೂರರಿಂದ ಭಾಗಾಕಾರ, ಒಂದು ಕಳೆದರೆ 67. ನಿಮ್ಮ 400 ತಾನಾಗಿ ಕಳಚಿಬಿತ್ತು. ಶುರು ಎಲ್ಲಿಂದಾದರೂ ಇರಲಿ, ಒಂದರ ಹಿಂದೊಂದು ಬರುವವರೆಗೆ ಗುಟ್ಟು ಉಳಿಯುವುದಿಲ್ಲ. ಸೋವಿಯತ್ ನೌಕಾಪಡೆ ಮಾಡಿದ್ದೇ ಸರಿ: ಮೈಮೇಲೆ ಬರೆದ ಸಂಖ್ಯೆಯನ್ನು ಆಗಾಗ ಬದಲಿಸುತ್ತಿದ್ದರು, ಒಂದು ನೌಕಾದಳದಿಂದ ಇನ್ನೊಂದಕ್ಕೆ ಹೋದರಂತೂ ಹೊಸದೇ.

ಹಡಗಿನ ಹುಳು:
"ಆಗಾಗ ಬದಲಿಸುವುದು" ಕಾಗದದ ಮೇಲೆ ಚೆಂದ. ರಿಫಿಟ್ (ದೊಡ್ಡ ದುರಸ್ತಿ) ಸಮಯದಲ್ಲಿ ಬಿಡಿಭಾಗ ಬರುವುದು ಸಂಖ್ಯೆ ನೋಡಿ. ಎರಡು ನೌಕೆ ಸಂಖ್ಯೆ ಅದಲುಬದಲು ಮಾಡಿಕೊಂಡ ವಾರದಲ್ಲೇ ಗಾಳಿಬಾಗಿಲಿನ ಸೀಲ್ ತಪ್ಪು ನೌಕೆಗೆ ಹೋಗುತ್ತದೆ. ಅಳತೆ ಅರ್ಧ ಸೆಂಟಿಮೀಟರ್ ತಪ್ಪಿದರೂ ಒತ್ತಡ ನಿಲ್ಲುವುದಿಲ್ಲ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಪಡೆ ಕಟ್ಟಲು ಹೊರಟಿದ್ದೀರಾ?

ಗಣಕಿ:
ದನಿ ಏರಿಸಬೇಡಿ. ಬಿಡಿಭಾಗಕ್ಕೆ ಬಣ್ಣದ ಸಂಖ್ಯೆ ಯಾಕೆ ಬೇಕು? ವ್ಯಾಪಾರಿ ಹಡಗುಗಳಿಗೆ ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಇದೆ. ಹೆಸರು, ಬಾವುಟ, ಮಾಲೀಕ ಬದಲಾದರೂ ಒಡಲಿನ ಜೊತೆ ಅದು ಕೊನೆತನಕ ಇರುತ್ತದೆ. ಏಳನೆಯದು ಪರೀಕ್ಷಾ ಅಂಕಿ: ಮೊದಲ ಆರನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, ಮೊತ್ತದ ಕೊನೆಯ ಅಂಕಿ ತೆಗೆದುಕೊಳ್ಳಬೇಕು. 907472 ಇದ್ದರೆ 63 + 0 + 35 + 16 + 21 + 4 = 139, ಆದ್ದರಿಂದ 9. ರೇಡಿಯೋದಲ್ಲಿ ಅಕ್ಕಪಕ್ಕದ ಅಂಕಿ ಅದಲುಬದಲಾಗಿ ಕೇಳಿಸಿದರೆ ಲೆಕ್ಕ ಕೂಡುವುದೇ ಇಲ್ಲ. ಉಗ್ರಾಣಕ್ಕೆ ಅಂಥದ್ದು, ಮೈಗೆ ಬೇರೆಯದು.

ಚುಕ್ಕಿ:
ನೀವೆಲ್ಲ ಸಂಖ್ಯೆಗೇ ಜೋತುಬಿದ್ದಿದ್ದೀರಿ. ಮಹಾನೌಕೆಗೆ ನಕ್ಷತ್ರದ ಹೆಸರು ಎಂಬುದನ್ನು ಯಾರೂ ಪ್ರಶ್ನಿಸಲಿಲ್ಲ. ಸಮುದ್ರದಲ್ಲಿ ಅದು ನಡೆದೀತು, ಬಾಹ್ಯಾಕಾಶದಲ್ಲಿ ನಕ್ಷತ್ರ ನೋಡಿಯೇ ದಿಕ್ಕು ಹಿಡಿಯುವುದು. "ಸ್ವಾತಿಯನ್ನು ಗುರಿಯಾಗಿಟ್ಟುಕೊಳ್ಳಿ" ಅಂದರೆ 37 ಜ್ಯೋತಿರ್ವರ್ಷ ದೂರದ ಚುಕ್ಕಿಯೋ, ಪಕ್ಕದ ನೌಕೆಯೋ? ಗುಂಡು ಹಾರಿಸುವ ಹೊತ್ತಿನಲ್ಲಿ ಈ ಗೊಂದಲ ಬೇಡವೇ ಬೇಡ. ಇನ್ನೊಂದು: ಅಜಯ, ವಿಜಯ, ಅಜೇಯ ಮೂರನ್ನೂ ಒಂದೇ ದಳದಲ್ಲಿ ಇಡಬೇಡಿ. ರೇಡಿಯೋದ ಮಾತಿನ ಗುಂಡಿ ಒತ್ತುವ ಮೊದಲೇ ಬಾಯಿ ತೆರೆದರೆ ಮೊದಲ ಅಕ್ಷರ ನುಂಗಿಹೋಗುತ್ತದೆ, ಉಳಿಯುವುದು "ಜಯ", "ಜೇಯ".

ಲಂಗರು:
ನಕ್ಷತ್ರದ ಹೆಸರು ಗೌರವದ್ದು, ಬಿಡುವುದಿಲ್ಲ. ಆದೇಶದಲ್ಲಿ "ನೌಕೆ ಸ್ವಾತಿ" ಅಂದರೆ ಮುಗಿಯಿತು. ಬಗೆಗೊಂದು ಹೆಸರಿನ ವರ್ಗ ಇದ್ದರೆ ಕೇಳಿದ ಕೂಡಲೇ ಎಂಥ ನೌಕೆ ಎಂದು ತಿಳಿಯುತ್ತದೆ.

ಹಡಗಿನ ಹುಳು:
"ಕೇಳಿದ ಕೂಡಲೇ" ತಿಳಿಯುವುದಿಲ್ಲ. ಜಪಾನಿನ ವಿಮಾನವಾಹಕ ಅಕಾಗಿ ಬೆಟ್ಟದ ಹೆಸರು, ಕಾಗಾ ಪ್ರಾಂತ್ಯದ ಹೆಸರು. ಯಾಕೆಂದರೆ ಮೊದಲನೆಯದು ಬ್ಯಾಟಲ್‌ಕ್ರೂಸರ್ ಆಗಿ, ಎರಡನೆಯದು ಬ್ಯಾಟಲ್‌ಶಿಪ್ ಆಗಿ ಶುರುವಾದವು. ನೌಕೆ ಮಾರ್ಪಟ್ಟಿತು, ಹೆಸರು ಹಾಗೇ ಉಳಿಯಿತು.

ಚುಕ್ಕಿ:
ಅಕ್ಷರವನ್ನೂ ನೋಡಿ. ಮ ಮತ್ತು ವ! ಬಲಗಡೆಯ ಬಾಲದ ಬಣ್ಣ ಸುಲಿದರೆ ಮಹಾನೌಕೆ ವಾಹಕವಾಗುತ್ತದೆ. ಕನ್ನಡ ಅಂಕಿ ಬರೆಸಿದರೆ ೩ ಮತ್ತು ೬ಕ್ಕೂ ಇದೇ ಗತಿ. ಸಣ್ಣ ಉಲ್ಕಾಕಣಗಳು ತಾಗುವ ಮೈ ಅದು, ಬಣ್ಣ ಸುಲಿಯದೆ ಇರುವುದಿಲ್ಲ.

ಲಂಗರು:
ವಾಹಕಕ್ಕೆ "ತ" ಹಾಕಬಹುದು, ಅದು ದೊಡ್ಡ ವಿಷಯವಲ್ಲ. ಸಂಖ್ಯೆಯ ಬಗ್ಗೆ ನಾನು ಮೊದಲಿಂದ ಹೇಳುತ್ತಿರುವುದು ಇಷ್ಟೇ: ಕಡತದಲ್ಲಿ ಕ್ರಮಸಂಖ್ಯೆ ಇರಲಿ, ಎಂದೂ ಬದಲಾಗದಿರಲಿ. ಮೈಮೇಲೆ 100ರಿಂದ 999ರೊಳಗೆ ಚೀಟಿ ಎತ್ತಿದ ಮೂರಂಕಿ ಬರೆದುಕೊಳ್ಳಲಿ.

ಗಣಕಿ:
ಮೈಮೇಲಿನದನ್ನು ದೊಡ್ಡ ರಿಫಿಟ್ ಆದಾಗಲೆಲ್ಲ ಹೊಸದಾಗಿ ಎತ್ತಬೇಕು. ಕಡತದ ಸಂಖ್ಯೆಯನ್ನು, ನೌಕೆಯ ಗುರುತನ್ನು ರೇಡಿಯೋದಲ್ಲಿ ಸಾರುವ ಟ್ರಾನ್ಸ್‌ಪಾಂಡರ್‌ನಲ್ಲಿ ಕಳಿಸಲೇಬಾರದು. ಕಳಿಸಿದರೆ ಚೀಟಿ ಎತ್ತಿದ್ದು ವ್ಯರ್ಥ.

ಹಡಗಿನ ಹುಳು:
"ಮೊದಲಿಂದ ಹೇಳುತ್ತಿರುವುದು"? ಮೇಲೆ ಹೋಗಿ ನಿಮ್ಮದೇ ಮೊದಲ ಮಾತು ಓದಿ ಲಂಗರು ಅವರೇ. ಅಲ್ಲಿರುವುದು ಒಂದೇ ಸಂಖ್ಯೆ. ಮೈಮೇಲಿನದು ಬೇರೆ ಎಂಬ ಮಾತೇ ಅಲ್ಲಿಲ್ಲ.

ಲಂಗರು:
ಬೇರೆ ಇರಬಾರದು ಅಂತಲೂ ಬರೆದಿಲ್ಲವಲ್ಲ.

ನಿರ್ವಾತ:
ನೆರಳಿನ ಬದಿಗೆ ಬರೆದರೆ ಮೂರಂಕಿಯೂ ಬೇಡ, ಚೀಟಿಯೂ ಬೇಡ. ದುರ್ಬೀನು ಇನ್ನೂ ಉತ್ತರಿಸಿಲ್ಲ.